ಒನಕೆಯ ಅಕ್ಕಿ, ಮಿಲ್ಲಿನ ಅಕ್ಕಿ

ಟಿಳಕವಾಡಿಯ ಕಾಂಗ್ರೆಸ್ ಬಾವಿ ಕಂಡವರಿಗೆ 1924ರ ಬೆಳಗಾವಿ ಅಧಿವೇಶನ ನೆನಪಾಗುತ್ತದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನವದು. ಅಲ್ಲಿ ನೂಲು, ಖಾದಿಯದೇ ಮಾತು. 1934ರಲ್ಲಿ ವರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ಅದೇ ವಿಚಾರ ಅಡುಗೆಮನೆಗೂ ಬಂತು: ಮಿಲ್ಲಿನ ಅಕ್ಕಿ ಬಿಟ್ಟು ಕುಟ್ಟಿದ ಅಕ್ಕಿ ಉಣ್ಣಿ, ಸಕ್ಕರೆಗೆ ಬದಲು ಬೆಲ್ಲ ಬಳಸಿ.

ವಿಜ್ಞಾನವೂ ಇದರ ಪರವಾಗಿತ್ತು. ಪಾಲಿಶ್ ಅಕ್ಕಿಗೂ ಬೆರಿಬೆರಿ ರೋಗಕ್ಕೂ ನಂಟಿರುವುದನ್ನು ಗುರುತಿಸಿದ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂದಿತ್ತು. ಆದರೆ ಗಾಂಧೀಜಿ ತೌಡಿನ ಸತ್ವದ ಲೆಕ್ಕವನ್ನಷ್ಟೇ ಹೇಳಲಿಲ್ಲ. ಒನಕೆ ಹಿಡಿದ ಬಡ ಹೆಂಗಸರ ಕೂಲಿಯನ್ನು ಮಿಲ್ಲು ಕಸಿಯುತ್ತದೆ ಎಂದೂ ಹೇಳಿದರು. ಕೊಳ್ಳುವವನ ಕರುಣೆಗೆ ತಟ್ಟುವ ಮಾತದು.

ಗೆದ್ದದ್ದು ಮಾತ್ರ ಮಿಲ್ಲೇ. ಅಗ್ಗದ ದರವೊಂದೇ ಕಾರಣವಲ್ಲ. ಬೀಗರು ಬಂದಾಗ ಎಲೆಗೆ ಮಲ್ಲಿಗೆಯಂಥ ಅನ್ನ ಬೀಳದಿದ್ದರೆ ಮನೆಯವರಿಗೆ ನಾಚಿಕೆ! ಕುಟ್ಟುವ ಕಷ್ಟ ತಪ್ಪಿತೆಂದು ಎಷ್ಟೋ ಹೆಂಗಸರು ನೆಮ್ಮದಿಪಟ್ಟಿದ್ದರೆ ಅವರನ್ನು ದೂರುವಂತೆಯೂ ಇಲ್ಲ.

ಪಾಲಿಶ್ ಮಾಡದ ಅಕ್ಕಿ ಈಗ ನಗರದ ಅಂಗಡಿಗಳಿಗೆ ಮರಳಿದೆ, ಹೆಚ್ಚಿನ ಬೆಲೆಗೆ. ಈ ಸಲ ಕೊಳ್ಳಿಸುತ್ತಿರುವುದು ಕರುಣೆಗಿಂತ ಸಕ್ಕರೆ ಕಾಯಿಲೆಯ ಭಯ. ಆ ಬೆಲೆಯಲ್ಲಿ ಖಾನಾಪುರದ ಮಳೆ ನಂಬಿದ ಭತ್ತದ ರೈತನ ಪಾಲೆಷ್ಟು ಎಂದು ಕೇಳುವ ಗಿರಾಕಿ ಅಪರೂಪ.