ಬೆಳಕನ್ನು ಬಿಟ್ಟು ಬಿಸಿಯನ್ನು ತಡೆದ ಗಾಜು

ಎರಡು ಗಾಜುಗಳನ್ನು ತುಸು ಅಂತರ ಬಿಟ್ಟು ಜೋಡಿಸಿ ಅಂಚು ಮುಚ್ಚಿಬಿಟ್ಟರೆ, ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಗೆ ಅಡ್ಡ ನಿಲ್ಲುತ್ತದೆ. ಈ ಉಪಾಯಕ್ಕೆ ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅಮೆರಿಕದ ಚಳಿ ಸೀಮೆಯ ಮನೆಗಳು ಬಹುಕಾಲ ಹಳೆಯ ಪದ್ಧತಿಯನ್ನೇ ಹಿಡಿದಿದ್ದವು: ಚಳಿಗಾಲಕ್ಕೆ ಮುನ್ನ ಕಿಟಕಿಯ ಹೊರಗೆ ಇನ್ನೊಂದು ಕಿಟಕಿ ಸಿಕ್ಕಿಸುವುದು, ಬಿಸಿಲು ಮರಳಿದ ಮೇಲೆ ಕಳಚಿಡುವುದು.

1930ರ ದಶಕದಲ್ಲಿ ಶೈತ್ಯೀಕರಣದ ಎಂಜಿನಿಯರ್ ಸಿ.ಡಿ. ಹೇವನ್ ಅಂಚು ಬಿಗಿದ ಜೋಡಿ ಗಾಜನ್ನು ರೂಪಿಸಿದರು. ಲಿಬ್ಬಿ-ಓವೆನ್ಸ್-ಫೋರ್ಡ್ ಕಂಪನಿ ಅದನ್ನು ‘ಥರ್ಮೋಪೇನ್’ ಎಂಬ ಹೆಸರಲ್ಲಿ ಮಾರಿತು. ಆದರೂ ಒಂಟಿ ಗಾಜಿನ ಮನೆಗಳೇನೂ ಕಡಿಮೆಯಾಗಲಿಲ್ಲ. ಎಣ್ಣೆ ಅಗ್ಗವಿದ್ದಾಗ ಕಿಟಕಿಯಿಂದ ಸೋರುವ ಬಿಸಿಯ ಲೆಕ್ಕ ಯಾರಿಗೆ ಬೇಕು?

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆ ನವೆಂಬರ್‌ನ ಒಂದು ಶುಕ್ರವಾರ ರಾತ್ರಿ, ಬರ್ಕ್ಲಿಯ ಕಣಭೌತ ವಿಜ್ಞಾನಿ ಆರ್ಥರ್ ರೋಸೆನ್‌ಫೆಲ್ಡ್ ಮನೆಗೆ ಹೊರಡುವ ಮುನ್ನ ತಮ್ಮ ಮಹಡಿಯ ಕೋಣೆಗಳ ದೀಪ ಆರಿಸಲು ಹೋದರು. ಎಷ್ಟೋ ಸ್ವಿಚ್‌ಗಳು ಬೀರು, ಕಪಾಟುಗಳ ಹಿಂದೆ ಅಡಗಿದ್ದವು. ಅವನ್ನು ಹುಡುಕುವುದೇ ಒಂದು ಕೆಲಸವಾಯಿತು. ಎನ್ರಿಕೊ ಫರ್ಮಿಯ ಶಿಷ್ಯರಾಗಿದ್ದ ಅವರು ಮುಂದೆ ಕಟ್ಟಡಗಳ ಇಂಧನ ಉಳಿತಾಯದತ್ತ ಹೊರಳಿದರು.

ಅವರೊಂದಿಗೆ ಸೇರಿದ ಸ್ಟೀಫನ್ ಸೆಲ್ಕೊವಿಟ್ಜ್ ಕಿಟಕಿಯ ಬೆನ್ನು ಹತ್ತಿದರು. ಜೋಡಿ ಗಾಜಿನ ನಡುವಿನ ಗಾಳಿ ಬಿಸಿಯ ಹರಿವನ್ನು ನಿಧಾನಿಸುತ್ತದೆ, ನಿಜ. ಆದರೆ ವಿಕಿರಣವಾಗಿ ಹೊರಡುವ ಬಿಸಿಗೆ ಗಾಳಿಯ ಹಂಗಿಲ್ಲ. ಅದನ್ನು ತಡೆಯಲು ಸಿಕ್ಕಿದ್ದು, ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯಂಥ ಲೋಹದ ಲೇಪ. ಬೆಳಕನ್ನು ಒಳಬಿಡುವ ಈ ಲೇಪ ಕೋಣೆಯ ಬಿಸಿಯನ್ನು ಮರಳಿ ಒಳಕ್ಕೇ ಪ್ರತಿಫಲಿಸುತ್ತದೆ. ಸರ್ಕಾರದ ಹಣದ ನೆರವು ಸನ್‌ಟೆಕ್ ಎಂಬ ಪುಟ್ಟ ಕಂಪನಿಗೆ ದೊರೆಯಿತು. ಸೌತ್‌ವಾಲ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ 1981ರಲ್ಲಿ ‘ಹೀಟ್ ಮಿರರ್’ ಎಂಬ ಲೇಪಿತ ಹಾಳೆಯನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಗಾಜಿಗೇ ಲೇಪ ಹಚ್ಚುವುದು, ನಡುವಣ ಜಾಗಕ್ಕೆ ಆರ್ಗಾನ್ ಅನಿಲ ತುಂಬುವುದು ರೂಢಿಗೆ ಬಂತು. ಬಿಸಿ ಸೋರಿಕೆ ಅಳೆಯುವ ಯು-ಫ್ಯಾಕ್ಟರ್ ಒಂಟಿ ಗಾಜಿಗೆ ಸುಮಾರು 5.8, ಸಾದಾ ಜೋಡಿ ಗಾಜಿಗೆ 2.8 ಇದ್ದದ್ದು 1.5ರ ಆಸುಪಾಸಿಗೆ ಇಳಿಯಿತು.

ಕೊಳ್ಳುವವರ ಗೊಂದಲ ಮಾತ್ರ ಹೆಚ್ಚಿತು. ಗಾಜಿನ ನಟ್ಟನಡುವಿನ ಅಂಕಿ ತೋರಿಸಿ ಮಾರಿದರೆ ಚೌಕಟ್ಟಿನಿಂದ ಸೋರುವ ಬಿಸಿ ಲೆಕ್ಕಕ್ಕೇ ಬರುವುದಿಲ್ಲ. 1989ರಲ್ಲಿ ಹುಟ್ಟಿದ ನ್ಯಾಷನಲ್ ಫೆನೆಸ್ಟ್ರೇಶನ್ ರೇಟಿಂಗ್ ಕೌನ್ಸಿಲ್ ಇಡೀ ಕಿಟಕಿಯನ್ನು ಅಳೆದು ಚೀಟಿ ಅಂಟಿಸುವ ಪದ್ಧತಿ ತಂದಿತು. ಯು-ಫ್ಯಾಕ್ಟರ್ ಜೊತೆಗೆ ಬಿಸಿಲಿನ ಬಿಸಿ ಎಷ್ಟು ಪಾಲು ಒಳಬರುತ್ತದೆಂದು ಹೇಳುವ ಎಸ್‌ಎಚ್‌ಜಿಸಿ ಅಂಕಿಯೂ ಆ ಚೀಟಿಯಲ್ಲಿದೆ. ಹಿಮ ಬೀಳುವ ಮಿನಿಯಾಪೊಲಿಸ್‌ನಲ್ಲಿ ಹಳೆ ಕಿಟಕಿ ಬದಲಿಸುವವರು ಮೊದಲ ಅಂಕಿ ನೋಡುತ್ತಾರೆ. ಮರುಭೂಮಿಯ ಫೀನಿಕ್ಸ್‌ನಲ್ಲಿ ಎರಡನೆಯದೇ ಮುಖ್ಯ.

ಬೆಂಗಳೂರಿನ ಹಿತವಾದ ಹವೆಯಲ್ಲೂ ಪಡುವಣ ಕಿಟಕಿಗೆ ಬಡಿಯುವ ಸಂಜೆ ಬಿಸಿಲೇ ದೊಡ್ಡ ತೊಂದರೆ. ಭಾರತದ ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ ಇಕೋ-ನಿವಾಸ್ ಸಂಹಿತೆ, ಗೋಡೆ, ಕಿಟಕಿಗಳ ಮೂಲಕ ಒಳಬರುವ ಬಿಸಿಗೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಹಾಕಿದೆ. ಅದರ ಲೆಕ್ಕದಲ್ಲಿ ಗಾಜಿನ ಎಸ್‌ಎಚ್‌ಜಿಸಿ ಒಂದೇ ಸಾಲದು. ಕಿಟಕಿ ಯಾವ ದಿಕ್ಕಿಗಿದೆ, ಮೇಲಿನ ಸಜ್ಜಾ ಎಷ್ಟು ಮುಂದಕ್ಕೆ ಚಾಚಿದೆ ಎಂಬುದನ್ನೂ ಹಿಡಿಯಬೇಕು.