ಫ್ಲೈಟ್ ಸಿಮ್ಯುಲೇಟರ್ ತಡವರಿಸುತ್ತಿದೆಯೇ? ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಇದನ್ನು ಪರೀಕ್ಷಿಸಿ

ವಿಶಾಖಪಟ್ಟಣದ ಕಡಲತೀರದಿಂದ ಮೇಲೇರಿ, ರಾಜಮಹೇಂದ್ರವರಂ ಬಳಿ ಗೋದಾವರಿ ದಾಟಿ, ಕೊಲ್ಲೇರು ಸರೋವರದ ಪಕ್ಕದಿಂದ ಸಾಗಿ ವಿಜಯವಾಡದ ಗನ್ನವರಂನಲ್ಲಿ ಇಳಿಯುವುದು. ನೇರ ದೂರ ಸುಮಾರು 290 ಕಿ.ಮೀ. ಡೆಸ್ಕ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅಥವಾ ಎಕ್ಸ್-ಪ್ಲೇನ್ ಆಡುವವರಿಗೆ ಈ ಮಾರ್ಗ ಒಳ್ಳೆಯ ಪರೀಕ್ಷೆ. ಗದ್ದೆ ಬಯಲಿನ ಮೇಲೆ ಸಲೀಸಾಗಿ ಹಾರುವ ವಿಮಾನ, ನಗರದ ಕಟ್ಟಡಗಳು ಎದುರಾಗುತ್ತಲೇ ತಡವರಿಸತೊಡಗುತ್ತದೆ. ಆಗ ಹೆಚ್ಚಿನವರು ದುಬಾರಿ ಗ್ರಾಫಿಕ್ಸ್ ಕಾರ್ಡ್ ತರಲು ಹೊರಡುತ್ತಾರೆ. ಅನೇಕ ಬಾರಿ ತಪ್ಪು ಅದರದ್ದಲ್ಲ.

ತೊಡಕು ಎಲ್ಲಿದೆ?

ಸೆಕೆಂಡಿಗೆ 30 ಚಿತ್ರ ಬೇಕೆಂದರೆ ಒಂದೊಂದು ಚಿತ್ರವೂ 33 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ವಿಮಾನದ ಚಲನೆ, ಕಾಕ್‌ಪಿಟ್ ಉಪಕರಣಗಳು, ಸುತ್ತಲಿನ ಸಂಚಾರ ಇವೆಲ್ಲವನ್ನೂ ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಇದರಲ್ಲಿ ದೊಡ್ಡ ಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ. ಹಾಗಾಗಿ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರ್‌ನ ವೇಗ ಮುಖ್ಯ. ಕ್ಯಾಶ್ ಮೆಮೊರಿ ಹೆಚ್ಚಿದ್ದರೂ ಲಾಭವಿದೆ. 2022ರಲ್ಲಿ ಬಂದ ಎಎಮ್‌ಡಿ ರೈಝನ್ 7 5800ಎಕ್ಸ್3ಡಿ ಸಿಮ್ಯುಲೇಟರ್ ಪ್ರಿಯರ ಮೆಚ್ಚುಗೆ ಗಳಿಸಿದ್ದು ಅದರ 96 ಎಂಬಿ ಎಲ್3 ಕ್ಯಾಶ್‌ನಿಂದಲೇ.

ಪರೀಕ್ಷೆ ಸುಲಭ. ವಿಜಯವಾಡದ ಪ್ರಕಾಶಂ ಬ್ಯಾರೇಜ್ ಮೇಲೆ ಹಾರುವಾಗ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ರೇಟ್ ಏರಿದರೆ ಒತ್ತಡ ಗ್ರಾಫಿಕ್ಸ್ ಕಾರ್ಡ್ ಮೇಲಿದೆ ಎಂದರ್ಥ. ಅಲ್ಲಾಡದಿದ್ದರೆ ಪ್ರೊಸೆಸರ್ ಸೋಲುತ್ತಿದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನ ಡೆವಲಪರ್ ಮೋಡ್‌ನಲ್ಲಿರುವ ಎಫ್‌ಪಿಎಸ್ ಕೌಂಟರ್ ಇದನ್ನು ನೇರವಾಗಿಯೇ ಬರೆದು ತೋರಿಸುತ್ತದೆ. ಪ್ರೊಸೆಸರ್ ಸೋಲುತ್ತಿದ್ದರೆ ಮೊದಲು ಟೆರೇನ್ ಲೆವೆಲ್ ಆಫ್ ಡೀಟೇಲ್ ಮತ್ತು ಟ್ರಾಫಿಕ್ ತಗ್ಗಿಸಿ. ಮೋಡಗಳ ಗುಣಮಟ್ಟ ಇಳಿಸಿದರೆ ಹಗುರವಾಗುವುದು ಗ್ರಾಫಿಕ್ಸ್ ಕಾರ್ಡ್.

ಖರ್ಚಿಲ್ಲದ ಸುಧಾರಣೆ

3200 ವೇಗದ ಡಿಡಿಆರ್4 ರ‍್ಯಾಮ್ ಕೊಂಡಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅದು 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಒಂದೇ 16 ಜಿಬಿ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು. ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಕನಿಷ್ಠ 16 ಜಿಬಿ ಬೇಕು, ಶಿಫಾರಸು 32 ಜಿಬಿ. ದೃಶ್ಯಗಳು ಇಂಟರ್ನೆಟ್‌ನಿಂದಲೇ ಹರಿದು ಬರುವುದರಿಂದ ನಿಧಾನ ಸಂಪರ್ಕವಿದ್ದರೆ ಕಟ್ಟಡಗಳು ಮಸುಕಾಗಿಯೇ ಉಳಿಯುತ್ತವೆ. ಅದಕ್ಕೆ ಯಾವ ಕಾರ್ಡೂ ಮದ್ದಲ್ಲ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ

ಮೇ ತಿಂಗಳಲ್ಲಿ ವಿಜಯವಾಡದ ಬಿಸಿಲು 40 ಡಿಗ್ರಿ ದಾಟುತ್ತದೆ. ರಾಯಚೂರು, ಕಲಬುರಗಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಕೋಣೆ 10 ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಪ್ರೊಸೆಸರ್ 95-100 ಡಿಗ್ರಿ ಸಮೀಪಿಸಿದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾರಾಟ ಶುರುವಾದಾಗ ಚೆನ್ನಾಗಿದ್ದು ಅರ್ಧ ಗಂಟೆಯ ಬಳಿಕ ತಡವರಿಸಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡಬೇಡಿ, ಮೂರ್ನಾಲ್ಕು ವರ್ಷ ಹಳೆಯ ಥರ್ಮಲ್ ಪೇಸ್ಟ್ ಬದಲಿಸಿ. ವಿಶಾಖಪಟ್ಟಣದಲ್ಲಿ ಸೆಖೆಯ ಜೊತೆ ಉಪ್ಪುಗಾಳಿಯೂ ಇದೆ, ಮಂಗಳೂರು, ಕಾರವಾರದಂತೆಯೇ. ಅಲ್ಲಿ ಧೂಳು ತೇವಕ್ಕೆ ಅಂಟಿ ಹೀಟ್‌ಸಿಂಕ್‌ನ ಸಂದುಗಳನ್ನು ಮುಚ್ಚುತ್ತದೆ, ಹಾಗಾಗಿ ಎರಡು-ಮೂರು ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚಿ ಮೆತ್ತನೆಯ ಬ್ರಷ್‌ನಿಂದ ಒರೆಸುವುದು ಒಳ್ಳೆಯದು.