ಮೂರು ನಿಮಿಷದ ತಟ್ಟೆ, ಇರುಳಿಡೀ ಹಾಡು

1902ರಲ್ಲಿ ಗ್ರಾಮಾಫೋನ್ ಕಂಪೆನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡರು. ಆ ಮೇಲೆ ಬಹುಕಾಲ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು. ರಾಗಾಲಾಪವೂ ರಂಗಗೀತೆಯೂ ಈ ಅಳತೆಗೆ ಮೊಟಕಾಗಿ ಮನೆಗಳನ್ನು ತಲುಪಿದವು.

ಶಿರಾ ಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯವನ್ನು ಹೀಗೆ ಮೊಟಕು ಮಾಡುವುದುಂಟೇ? ಬಿದಿರಿನ ನೀಳವಾದ ಗಣೆಯನ್ನೂದುತ್ತ ಇರುಳೆಲ್ಲ ಹೇಳುವ ಕಥೆಯದು. ತಟ್ಟೆಯ ಒಂದು ಮಗ್ಗುಲು ತೀರುವಷ್ಟರಲ್ಲಿ ದೇವರ ಸ್ತುತಿಯೂ ಮುಗಿಯದು. 1948ರಲ್ಲಿ ಬಂದ ದೀರ್ಘಾವಧಿಯ ತಟ್ಟೆಗೂ, ಮುಂದೆ ಬಂದ ಕ್ಯಾಸೆಟ್ಟಿಗೂ ಆ ಇರುಳು ದೊಡ್ಡದೇ ಆಯಿತು. ಮಾರಾಟಕ್ಕೆ ಒದಗದ ಹಾಡು ಗಾಯಕರ ನೆನಪಿನಲ್ಲಿಯೇ ಬದುಕಬೇಕಾಯಿತು.

ಇಂದಿನ ಯಂತ್ರಕ್ಕೆ ಕಾಲದ ಕಟ್ಟಿಲ್ಲ. ಆ ನೆನಪು ಮಾಸುವ ಮುನ್ನ, ಕತ್ತರಿಯಾಡಿಸದೆ, ಇಡೀ ಇರುಳನ್ನು ಮುದ್ರಿಸಿಕೊಳ್ಳಬೇಕು.